ಇಪ್ಪತ್ತೊಂದರ ಬಿಲ್ಲು

ಪರೇಲ್. ಹದಿನಾಲ್ಕನೇ ನಂಬರಿನ ಕೋಣೆ.
ಕಿಟಕಿಯಾಚೆ ಫ್ಲೈಓವರಿನ ಹೊಟ್ಟೆ, ಈಚೆ ಒಂದು ಮೇಜು,
ಪೆನ್ಸಿಲು, ಬಿಳಿ ಹಾಳೆ, ಮೂವತ್ತು ಅಂಕದ ಮರಾಠಿ ಫಾರಮ್ಮು.
ಕನ್ನಡದವರು ಬಂದರೆ ಬಾಯಲ್ಲೇ ಕನ್ನಡ ಮಾಡಿಕೊಳ್ಳುತ್ತೇನೆ.
ಗೋಡೆಯ ಗಡಿಯಾರ ಇಳಿಸಿ ಡ್ರಾಯರಿನಲ್ಲಿಟ್ಟಿದ್ದೇನೆ,
ನೋಡಿ ಬರೆಯಬಾರದಲ್ಲ.

"ಐದು ಪದ ಹೇಳುತ್ತೇನೆ. ಆಮೇಲೆ ಮತ್ತೆ ಕೇಳುತ್ತೇನೆ.
ಗರಗಸ, ಮಲ್ಲಿಗೆ, ಕಂಬಳಿ, ಸೇತುವೆ, ಬೆಲ್ಲ."

ವಾಮನ ಶೇರಿಗಾರರು ನಕ್ಕರು.
"ಐದೇ ಅಲ್ದಾ?
ಫೋರ್ಟಿನ ಹೋಟ್ಲಲ್ಲಿ ಮೂವತ್ತೆಂಟು ವರ್ಷ ಸಪ್ಲೈಯರು ನಾನು.
ಒಂಬತ್ತು ಟೇಬಲ್ಲು, ಚೀಟಿ ಇಲ್ಲ, ಪೆನ್ನಿಲ್ಲ,
ಯಾರ ದೋಸೆಗೆ ಈರುಳ್ಳಿ ಬೇಡ, ಯಾರಿಗೆ ಪೇಪರ್ ಕಡಕ್ ಬೇಕು,
ಎಲ್ಲ ಇಲ್ಲಿ ಮಾರಾಯ್ರೆ."
ಹಣೆ ತಟ್ಟಲು ಎತ್ತಿದ ಕೈ
ಅರ್ಧ ದಾರಿಯಲ್ಲಿ ಯಾಕೋ ತಡೆದು
ಮತ್ತೆ ಹೊರಟಿತು.

"ಪ"ದಿಂದ ಶುರುವಾಗುವ ಪದ, ಒಂದು ನಿಮಿಷ.
ಪೂರಿ, ಪಲ್ಯ, ಪಡ್ಡು, ಪಾಯಸ, ಪುಲಾವು,
ಮೆನು ಬೋರ್ಡು ಮುಗಿಯಿತು.
ಸ್ಟಾಪ್‌ವಾಚು ಇನ್ನೂ ಓಡುತ್ತಿತ್ತು.

ಗಡಿಯಾರ ಬರೆಯಿರಿ ಎಂದೆ. ಎರಡೂ ಮುಕ್ಕಾಲು.
ವೃತ್ತ ಮೊಟ್ಟೆಯಾಯಿತು, ಮೊಟ್ಟೆ ಬಿರಿಯಿತು.
ಹನ್ನೆರಡು ಅಂಕಿಗಳೂ ಒಂದೇ ಬದಿಗೆ ಜೋತುಬಿದ್ದವು,
ಬೆಳಗಿನ ವಿರಾರ್ ಲೋಕಲ್ಲಿನ ಬಾಗಿಲಿನ ಹಾಗೆ.
ಡಬ್ಬಿ ತೋರಿಸಿ ಬರೆಯಿರಿ ಎಂದೆ.
ಗೆರೆಗಳು ಒಂದನ್ನೊಂದು ಹುಡುಕುತ್ತ ಬಂದು
ಪಕ್ಕದಲ್ಲೇ ಹಾದುಹೋದವು.
"ಎಂತ ಇದು, ನನ್ನ ಕೈಯಾ?" ಎಂದರು, ಹಾಳೆಯನ್ನೇ ತಿರುಗಿಸುತ್ತ.

ಆದರೆ ಪದ?
ಮಲ್ಲಿಗೆ, ಕಂಬಳಿ, ಸೇತುವೆ, ಬೆಲ್ಲ, ನಾಲ್ಕೂ ಬಿಸಿಬಿಸಿ ಬಂದವು.
"ಮರ ಕೊಯ್ಯುವ ಸಾಮಾನು" ಎಂದು ಎಳೆ ಕೊಟ್ಟೆ.
"ಹಾಂ! ಗರಗಸ."

ಇವರಿಗಿಂತ ಮುಂಚೆ ಇದೇ ಕುರ್ಚಿಯಲ್ಲಿ ಕೂತಿದ್ದವರು
ಇಂದುಮತಿ ಸಾಳಸ್ಕರ್, ಹಿಂದೆ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವರು.
ಅವರ ಗಡಿಯಾರ ಬಳೆಯಷ್ಟು ದುಂಡಗೆ,
ಮುಳ್ಳುಗಳು ಇರಬೇಕಾದಲ್ಲೇ.
ಪದ ಕೇಳಿದರೆ, "ಯಾವ ಪದ? ನೀನು ಯಾವಾಗ ಹೇಳಿದೆ, ಮಗಳೇ?"
ಎಳೆ ಕೊಟ್ಟೆ. ಹಿಡಿಯಲಿಲ್ಲ.
ಗರಗಸವೋ ಕೊಡಲಿಯೋ ಎಂದೆ. ಕೊಡಲಿ ಎಂದರು.
ಚಹಾ ಆಯಿತೇ ಎಂದು ಮೂರು ಸಲ ವಿಚಾರಿಸಿದರು,
ಮೂರು ಸಲವೂ ಅಷ್ಟೇ ಅಕ್ಕರೆಯಿಂದ.

ಕೂಡಿಸಿ ನೋಡಿದರೆ ಇಬ್ಬರಿಗೂ ಇಪ್ಪತ್ತೊಂದು.

"ಎಷ್ಟಾಯ್ತು ಮೇಡಂ?" ಶೇರಿಗಾರರು ಕೇಳಿದರು.
ಹೇಳಬಾರದು. ಹೇಳಿದೆ.
"ಬರೀ ಟೋಟಲ್ ಹೇಳಿದ್ರೆ ಹ್ಯಾಗೆ?
ಗಿರಾಕಿ ದುಡ್ಡು ಕೊಡ್ತಾನಾ? ಎಂತೆಂತ ತಿಂದದ್ದು, ಅದು ಹೇಳಿ."

ಅದನ್ನೇ ಬರೆಯುತ್ತಿದ್ದೇನೆ, ಫಾರಮ್ಮಿನ ಅಂಚಿನಲ್ಲಿ:
ಒಬ್ಬರಲ್ಲಿ ಇಟ್ಟದ್ದೇ ಇಲ್ಲ,
ಒಬ್ಬರಲ್ಲಿ ಇಟ್ಟದ್ದಿದೆ, ಇಡುವ ಜಾಗವೇ ಓರೆಯಾಗಿದೆ.
ಹತ್ತು ನಿಮಿಷದ ಕಾಗದ ಇದು, ತೀರ್ಪಲ್ಲ;
ಯಾವ ಬಾಗಿಲು ತಟ್ಟಬೇಕೆಂದು ಬೊಟ್ಟು ಮಾಡುತ್ತದೆ, ಅಷ್ಟೆ.

ಹೆಂಡತಿ ರತ್ನಾವತಿ ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ.
ಈಗ ಪರ್ಸಿನಿಂದ ಚೀಟಿ ತೆಗೆದರು. ಭಾಂಡುಪಿನ ಡಾಕ್ಟರದು.
ಸಂಜೆಯಾದರೆ ಇವರಿಗೆ ಮಕ್ಕಳು ಕಾಣುತ್ತವಂತೆ, ಮೂರು,
ಗಲಾಟೆಯಿಲ್ಲ, ಸುಮ್ಮನೆ ಕೂತಿರುತ್ತವಂತೆ.
ಇವರು ತಟ್ಟೆ ಹಾಕುತ್ತಾರಂತೆ.
ಅದು ನಿಲ್ಲಲೆಂದು ಬರೆದುಕೊಟ್ಟ ಮಾತ್ರೆ, ಇವತ್ತು ರಾತ್ರಿಯಿಂದ.

ಮಾತ್ರೆಯ ಹೆಸರು ಓದಿದೆ. ಮತ್ತೊಮ್ಮೆ ಓದಿದೆ.
ನನ್ನ ಅನುಮಾನ ನಿಜವಾದರೆ
ಇದು ಇವರನ್ನು ಮರಗಟ್ಟಿಸೀತು.
ಚೀಟಿ ಹಿಡಿದು ಡಾಕ್ಟರ್ ಕರಂಜಿಯಾರ ಕೋಣೆಗೆ
ನಾನೇ ಓಡಿದೆ, ಸಾಲು ಮುರಿದು, ಬೈಸಿಕೊಂಡು.
ಅವರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು.
ಗುರುವಾರ ಬರಲಿ, ನೋಡೋಣ ಎಂದರು.

ತಿರುಗಿ ಬಂದಾಗ ಶೇರಿಗಾರರು ಎದ್ದು ನಿಂತಿದ್ದರು.
ಚಿಕ್ಕಚಿಕ್ಕ ಹೆಜ್ಜೆ, ಅಂಗಾಲು ನೆಲಕ್ಕೆ ಅಂಟಿದಂತೆ.
ಬಾಗಿಲ ಬಳಿ ನಿಂತು ಖಾಲಿ ಬೆಂಚಿನ ಕಡೆ ಗದ್ದ ತೋರಿಸಿ
ನನಗಷ್ಟೇ ಕೇಳುವಂತೆ ಅಂದರು:

"ಅಲ್ಲಿ ಯಾರೂ ಇಲ್ಲ ಅಂತ ಗೊತ್ತುಂಟು ಮೇಡಂ.
ಆದ್ರೂ,
ಬಂದು ಎಷ್ಟು ಹೊತ್ತಾಯ್ತು,
ಒಂದು ಲೋಟ ನೀರು ಸಹ ಇಟ್ಟಿಲ್ಲ ನೀವು."